ಎಡಗಡೆಯ ಮಂಜು

ಖುದ್ದೂಸ್ ಸಾಬರು ಮಫ್ಲರ್ ಬಿಚ್ಚುತ್ತಿದ್ದುದು ಮಸೀದಿಯ ತಿರುವು ದಾಟಿದ ಮೇಲೆ. ಬಾಗಿಲಲ್ಲಿ ನಿಂತ ಹೆಂಡತಿ ಮೆಹರ್ ಬಾನು ಅದನ್ನು ತಲೆಗೆ ಎರಡು ಸುತ್ತು ಸುತ್ತಿ, ಕಿವಿ ಪೂರ್ತಿ ಮುಚ್ಚುವ ಹಾಗೆ ಗಂಟು ಹಾಕಿ ಕಳಿಸುತ್ತಿದ್ದಳು.

"ದಾರೀಲಿ ಬಿಚ್ಚಿದ್ರೆ ನೋಡಿ ಮತ್ತೆ. ಹೋದ ವರ್ಷ ಕಿವಿನೋವು ಅಂತ ನಾಲ್ಕು ದಿನ ಮುದುರಿಕೊಂಡು ಮಲಗಿದ್ದು ಮರ್ತ್‌ಹೋಯ್ತಾ?"

"ಹೌ, ಹೌ" ಎನ್ನುತ್ತಿದ್ದರು ಸಾಬರು. ತಿರುವು ದಾಟಿದ ಕೂಡಲೇ ಗಂಟು ಬಿಚ್ಚಿ, ಮಡಚಿ, ಜೇಬಿಗೆ ತುರುಕುತ್ತಿದ್ದರು. ಡಿಸೆಂಬರಿನ ಮುಳಬಾಗಿಲು, ಬೆಳಗಿನ ಐದೂವರೆ. ಉಸಿರು ಬಿಟ್ಟರೆ ಬೀಡಿ ಹೊಗೆಯ ಹಾಗೆ ಮುಖದ ಮುಂದೆ ನಿಲ್ಲುವ ಹೊತ್ತು. ಆದರೂ ಕಿವಿ ತೆರೆದೇ ಇರಬೇಕಿತ್ತು. ಒಂದೂವರೆ ವರ್ಷದಿಂದ ಅವರು ಶಾಲೆಯ ಬಸ್ಸು ಓಡಿಸುತ್ತಿದ್ದುದು ಅರ್ಧ ಕಣ್ಣಿನಿಂದ, ಅರ್ಧ ಕಿವಿಯಿಂದ.

ಇದು ಇನ್ನೊಬ್ಬರಿಗೆ ಗೊತ್ತಿಲ್ಲವೆಂದೇ ಅವರ ನಂಬಿಕೆ. ಹೋದ ವರ್ಷದ ರಂಜಾನ್ ಸಮಯದಲ್ಲಿ ಬಾಗಿಲ ಚೌಕಟ್ಟಿಗೆ ಎಡಭುಜ ತಾಗುವುದು ಹೆಚ್ಚಾಯಿತು. ಕೋಲಾರಕ್ಕೆ ಹೋಗಿ ತೋರಿಸಿದಾಗ ಕಣ್ಣಿನ ಡಾಕ್ಟರು, ಚಿಕ್ಕ ವಯಸ್ಸಿನ ಹೆಣ್ಣುಮಗಳು, ಕಪ್ಪು ಪೆಟ್ಟಿಗೆಯೊಳಗೆ ಮಿಣುಕುವ ಚುಕ್ಕಿಗಳನ್ನು ತೋರಿಸಿ ಗುಂಡಿ ಒತ್ತಿಸಿದಳು. ಆಮೇಲೆ ಕಾಗದ ಮುಂದಿಟ್ಟಳು. ಎಡಕ್ಕೆ ಅರ್ಧಕ್ಕಿಂತ ಹೆಚ್ಚು ಕಪ್ಪು.

"ಕಣ್ಣಿನೊಳಗೆ ಒತ್ತಡ ಜಾಸ್ತಿಯಾಗಿ ನರ ಒಣಗಿದೆ. ಇದು ಪೊರೆ ಅಲ್ಲ, ಆಪರೇಷನ್ ಮಾಡಿದ್ರೂ ಹೋಗಿದ್ದು ವಾಪಸ್ ಬರಲ್ಲ. ಉಳಿದಿದ್ದನ್ನ ಕಾಪಾಡ್ಕೋಬೇಕು. ಏನು ಕೆಲಸ ನಿಮ್ದು?"

"ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ" ಎಂದಿದ್ದರು ಸಾಬರು. ಮೂವತ್ತು ವರ್ಷ ಸ್ಟೀರಿಂಗ್ ಹಿಡಿದ ಕೈಗಳನ್ನು ಮೇಜಿನ ಕೆಳಗೆ ಇಳಿಬಿಟ್ಟುಕೊಂಡು. ಮನೆಗೆ ತಂದ ಹನಿ ಔಷಧಿಯನ್ನು ಕಣ್ಣುರಿಗೆ ಎಂದು ಹೇಳಿದರು. ಮೆಹರ್ ಬಾನು ದಿನಾ ಸಂಜೆ ಅವರ ರೆಪ್ಪೆ ಎಳೆದು ಒಂದೊಂದೇ ಹನಿ ಬಿಡುತ್ತಿದ್ದಳು. "ಉರಿ ಕಮ್ಮಿಯಾಯ್ತಾ?" ಎಂದು ಕೇಳುತ್ತಿದ್ದಳು.

ಬಸ್ಸು ನಿಲ್ಲುತ್ತಿದ್ದುದು ಶಾಲೆಯ ಹಿಂದಿನ ಬಯಲಿನಲ್ಲಿ. ಚಳಿಗಾಲದಲ್ಲಿ ಅದನ್ನು ಎಬ್ಬಿಸುವುದೇ ಒಂದು ಪಾಡು. ನಾಲ್ಕು ಸಲ ಕೆಮ್ಮಿ, ಐದನೆಯ ಸಲಕ್ಕೆ ಎದ್ದು, ಹತ್ತು ನಿಮಿಷ ನಡುಗುತ್ತಿತ್ತು. ಅಷ್ಟರಲ್ಲಿ ಸಾಬರು ಆಲೂಗಡ್ಡೆಯ ಹೋಳಿನಿಂದ ಮುಂದಿನ ಗಾಜನ್ನು ಉಜ್ಜುತ್ತಿದ್ದರು. ಹೊರಗಿನ ಮಂಜಿಗೆ ಆಲೂಗಡ್ಡೆಯಾಯಿತು, ಒಳಗಿನದಕ್ಕೆ ಏನು ಮಾಡುವುದು? ಮೂವತ್ತನಾಲ್ಕು ಮಕ್ಕಳು ಕಿಟಕಿ ಮುಚ್ಚಿಕೊಂಡು ಕೂತು ಉಸಿರಾಡಿದರೆ ಗಾಜೆಲ್ಲ ಬೆವರುತ್ತದೆ. ಅರ್ಧ ಮಕ್ಕಳಿಗೆ ನೆಗಡಿ, ಕಾಲು ಪಾಲು ಮಕ್ಕಳಿಗೆ ಕೆಮ್ಮು. ಯಾವುದೋ ಒಂದು ಮಗು ಕುಡಿದ ಹಾಲನ್ನು ದಾರಿಯಲ್ಲಿ ಕಕ್ಕದ ದಿನವಿಲ್ಲ. ಕಿಟಕಿ ತೆರೆದರೆ ಕೆಮ್ಮು ಏರುತ್ತದೆ, ಮುಚ್ಚಿದರೆ ದಾರಿ ಕಾಣುವುದಿಲ್ಲ. ಸಾಬರು ತಮ್ಮ ಬಲಗಡೆಯದೊಂದನ್ನು ಮಾತ್ರ ತೆರೆದಿಟ್ಟು, ಗಾಳಿಗೆ ತಾವೇ ಮುಖ ಒಡ್ಡಿಕೊಳ್ಳುತ್ತಿದ್ದರು.

ವಿಚಿತ್ರವೆಂದರೆ, ಮಂಜಿನ ದಿನಗಳಲ್ಲೇ ಅವರಿಗೆ ಒಂದಿಷ್ಟು ನೆಮ್ಮದಿ. ಮಂಜು ಇಳಿದರೆ ಎಲ್ಲರಿಗೂ ಅವರಷ್ಟೇ ಕಾಣುತ್ತಿತ್ತು. ಬೇರೆ ಶಾಲೆಯ ಡ್ರೈವರುಗಳು ಹೆದ್ದಾರಿಯ ಬದಿಯಲ್ಲಿ ಗಾಡಿ ನಿಲ್ಲಿಸಿ ಬೆಳಕಿಗೆ ಕಾಯುವಾಗ, ಆವನಿ ಕಡೆಯ ಆ ಕಿರುದಾರಿಯಲ್ಲಿ ಸಾಬರು ಗುಂಡಿಗೊಂದು, ಉಬ್ಬಿಗೊಂದು ಲೆಕ್ಕ ಇಟ್ಟುಕೊಂಡು, ಸೈಕಲ್ಲಿನ ವೇಗದಲ್ಲಿ, ಒಂದು ನಿಮಿಷ ತಡಮಾಡದೆ ಬರುತ್ತಿದ್ದರು. "ಮಂಜಿನಲ್ಲಿ ಓಡ್ಸೋಕೆ ನಮ್ ಸಾಬ್ರೇ ಸೈ" ಎಂದು ತಾಯಂದಿರು ಮಾತಾಡಿಕೊಳ್ಳುವುದು ಕಿವಿಗೆ ಬಿದ್ದಾಗ ಅವರು ಮುಖ ತಿರುಗಿಸಿ, ಒರೆಸಿದ ಗಾಜನ್ನೇ ಮತ್ತೆ ಒರೆಸುತ್ತಿದ್ದರು.

ಎಡಗಡೆ ನೋಡಿಕೊಳ್ಳಲು ಆಯಾ ಬೈರಮ್ಮ ಇದ್ದಳು. ಮಕ್ಕಳನ್ನು ಹತ್ತಿಸಿ ಇಳಿಸುವ ಕೆಲಸ ಅವಳದು. ಸ್ಟಾಪು ಬಂದರೆ ಸಾಬರು ಎರಡು ಸಲ ಹಾರ್ನ್ ಒತ್ತಬೇಕು. ಬೈರಮ್ಮ ಇಳಿದು, ಮಕ್ಕಳನ್ನು ಕಂಕುಳಿಗೆ ಕೈಕೊಟ್ಟು ಎತ್ತಿ ಹಾಕಿ, ಕೊನೆಗೆ ಬಸ್ಸಿನ ತಗಡನ್ನು ಎರಡು ಸಲ ಬಡಿದು, "ರೈಟ್ ಸಾಬ್ರೇ!" ಎನ್ನಬೇಕು. ಆಮೇಲೂ ಸಾಬರು ಮೂರು ಎಣಿಸಿ, ಮಣ್ಣಿನ ಮೇಲೆ ಪುಟ್ಟ ಬೂಟಿನ ಸದ್ದೇನಾದರೂ ಇದೆಯೇ ಎಂದು ಆಲಿಸಿ, ನಂತರವೇ ಕಾಲು ಸಡಿಲಿಸುತ್ತಿದ್ದರು. ಆ ಮೂರು ಎಣಿಕೆಗಾಗಿಯೇ ಮಫ್ಲರು ಜೇಬಿನಲ್ಲಿರುತ್ತಿದ್ದುದು.

ಆ ಗುರುವಾರ ಚಿಕ್ಕಗುಟ್ಟಹಳ್ಳಿ ಗೇಟಿನ ಸ್ಟಾಪಿನಲ್ಲಿ ಮಣ್ಣಿರಲಿಲ್ಲ.

ಸುಗ್ಗಿಯ ದಿನಗಳಲ್ಲಿ ಆ ಕಡೆಯ ಊರುಗಳಿಗೆ ಟಾರು ರಸ್ತೆಯೇ ಕಣ. ಕಿತ್ತ ಹುರುಳಿ ಗಿಡಗಳನ್ನು ರಸ್ತೆಯ ಉದ್ದಕ್ಕೂ ಮೊಣಕಾಲೆತ್ತರ ಹರಡಿಬಿಡುತ್ತಾರೆ. ಹೋಗಿ ಬರುವ ಗಾಡಿಗಳ ಚಕ್ರವೇ ಕಾಯಿ ಒಡೆದು ಕಾಳು ಬಿಡಿಸುತ್ತದೆ. ಆ ಊರಿನ ರೈತ ಮುನಿಯಲ್ಲಪ್ಪ ಹಿಂದಿನ ಸಂಜೆ ಸ್ಟಾಪಿನವರೆಗೂ ಹರಡಿದ್ದ. ಬಸ್ಸು ಅದರ ಮೇಲೆ ಏರಿದಾಗ ಚಕ್ರದ ಸದ್ದು ಒಮ್ಮೆಗೇ ಅಡಗಿತು. ಹಾಸಿಗೆಯ ಮೇಲೆ ನಡೆದ ಹಾಗೆ.

ಸಾಬರು ಎರಡು ಹಾರ್ನ್ ಕೊಟ್ಟರು. ಬೈರಮ್ಮ ಐದು ಮಕ್ಕಳನ್ನು ಹತ್ತಿಸಿದಳು. ಕೊನೆಯವಳು ಚಂದನ, ಯುಕೆಜಿ, ಕೆಂಪು ಮಂಕಿ ಟೋಪಿ. ಅಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಒಂದು ಮಗು ಹಾಲು ಕಕ್ಕಿತು. ಬೈರಮ್ಮ ಬಟ್ಟೆ ಹಿಡಿದು ಒಳಗೆ ಓಡಿ, ಅಲ್ಲಿಂದಲೇ ಒಳಗಿನ ತಗಡು ಬಡಿದಳು. "ರೈಟ್ ಸಾಬ್ರೇ!"

ಮೆಟ್ಟಿಲಲ್ಲಿದ್ದ ಚಂದನಳ ನೀರಿನ ಬಾಟಲಿ ಕೆಳಗೆ ಉರುಳಿತ್ತು. ಅದನ್ನು ಹಿಡಿಯಲು ಮಗು ಮತ್ತೆ ಇಳಿದಿತ್ತು. ಬಾಟಲಿ ಮುಂದಿನ ಚಕ್ರದ ಕಡೆಗೆ ಹೊರಳಿತ್ತು.

ಒಂದು, ಎರಡು, ಮೂರು. ಸಾಬರ ಕಿವಿಗೆ ಏನೂ ಬೀಳಲಿಲ್ಲ. ಹುರುಳಿಯ ಮೇಲೆ ಐದು ವರ್ಷದ ಮಗುವಿನ ಹೆಜ್ಜೆಗೆ ಸದ್ದೆಲ್ಲಿ? ಅವರು ಕ್ಲಚ್ ಬಿಟ್ಟರು.

"ಆಪು! ಆಪು! ಪಾಪ ಉಂದಿ, ಆಪು!"

ಮಗು ಇದೆ, ನಿಲ್ಲಿಸು ಎಂಬ ತೆಲುಗಿನ ಆ ಕೂಗು ಎದುರಿನಿಂದ ಬಂತು. ಸಾಬರು ಬ್ರೇಕಿನ ಮೇಲೆ ನಿಂತುಬಿಟ್ಟರು. ಬಸ್ಸು ಹುರುಳಿಯ ಮೇಲೆ ಮೊಳದುದ್ದ ಜಾರಿ, ಒಮ್ಮೆ ಕುಲುಕಿ ನಿಂತಿತು. ಏನೋ ಪಟಾರೆಂದು ಒಡೆಯಿತು.

ಒಡೆದದ್ದು ಬಾಟಲಿ. ಮಗು ಅದರಾಚೆ, ಮುನಿಯಲ್ಲಪ್ಪನ ತೋಳಿನಲ್ಲಿತ್ತು. ಕವೆಗೋಲು ಎಸೆದು ಓಡಿಬಂದವನು ಅದನ್ನು ಹೇಗೆ ಎಳೆದುಕೊಂಡನೋ ಅವನಿಗೇ ತಿಳಿಯದು. ಮಗು ಅಳಲಿಲ್ಲ. "ನನ್ನ ಬಾಟ್ಲು" ಎಂದಿತು.

ಆಮೇಲೆ ನಡೆದದ್ದು ಸಾಬರಿಗೆ ಸಾಯುವತನಕ ಮರೆಯುವಂಥದ್ದಲ್ಲ. ಜನ ಸೇರಿದರು. ಚಂದನಳ ತಾಯಿ ಧನಶ್ರೀ, ಮಗಳನ್ನು ಬಿಟ್ಟು ಆಗ ತಾನೇ ಮನೆಯತ್ತ ತಿರುಗಿದ್ದವಳು, ಚಪ್ಪಲಿ ಕಳಚಿದ್ದೂ ಗೊತ್ತಿಲ್ಲದೆ ಓಡಿಬಂದಳು. ಮಗುವಿನ ಕೈ, ಕಾಲು, ಬೆನ್ನು, ಮತ್ತೆ ಕೈ, ಹೀಗೆ ತಡವಿ ತಡವಿ ನೋಡಿದಳು. ಸ್ವೆಟರ್ ಎತ್ತಿ ನೋಡಿದಳು. ಟೋಪಿ ತೆಗೆದು ತಲೆ ನೋಡಿದಳು. ನೋಡುವುದಕ್ಕೆ ಏನೂ ಉಳಿಯದಿದ್ದಾಗ ಮುನಿಯಲ್ಲಪ್ಪನ ಮೇಲೆ ತಿರುಗಿಬಿದ್ದಳು.

"ರಸ್ತೆ ಏನ್ ನಿಮ್ಮಪ್ಪಂದಾ? ಮಕ್ಕಳು ಹತ್ತೋ ಜಾಗದಲ್ಲಿ ಹಾಕಿದೀಯಲ್ಲ, ನಿಂಗೆ ಮಕ್ಕಳಿಲ್ವಾ?"

"ಬ್ರೇಕೇ ಹಿಡೀಲ್ವಂತೆ ಕಣ್ಲಾ ಇದ್ರ ಮೇಲೆ" ಎಂದ ಇನ್ನೊಬ್ಬ. "ಎಷ್ಟ್ ಸಲ ಹೇಳಿದ್ವಿ ಇವನಿಗೆ."

"ತಪ್ಪಾಯ್ತಮ್ಮ. ಈಗಲೇ ಎತ್ತಾಕ್ತೀನಿ" ಎಂದು ಮುನಿಯಲ್ಲಪ್ಪ ಕೈಮುಗಿದ. ಮಗುವನ್ನು ಉಳಿಸಿದವನು ಅವನು. ಅದು ಯಾರ ತಲೆಗೂ ಹೋಗಲಿಲ್ಲ, ಅವನ ತಲೆಗೂ.

ಧನಶ್ರೀ ಡ್ರೈವರಿನ ಕಿಟಕಿಯ ಬಳಿ ಬಂದಳು. ಗಲ್ಲದ ಮೇಲೆ ಕಣ್ಣೀರು, ಮೂಗಿನ ತುದಿ ಚಳಿಗೆ ಕೆಂಪು. "ನೀವಾಗಿದ್ದಕ್ಕೆ ಅಷ್ಟು ಬೇಗ ನಿಲ್ಸಿದ್ರಿ ಸಾಬ್ರೇ. ಬೇರೆ ಯಾರಾದ್ರೂ ಆಗಿದ್ರೆ..." ಮುಂದೆ ಹೇಳಲಾಗದೆ, ಮಗುವನ್ನು ಅದೇ ಬಸ್ಸಿಗೆ ಹತ್ತಿಸಿದಳು. ಬೈರಮ್ಮನಿಗೆ, "ನಿಮ್ಮ ಪಕ್ಕಾನೇ ಕೂರಿಸ್ಕೊಳಿ" ಎಂದಳು. ಅಷ್ಟೇ.

ಸಾಬರು ಬಾಯಿ ತೆರೆದರು. ಮತ್ತೆ ಮುಚ್ಚಿ, ಗೇರಿನ ಮೇಲೆ ಕೈಯಿಟ್ಟರು.

ಹುರುಳಿ ಎಳೆಯುತ್ತಿದ್ದ ಮುನಿಯಲ್ಲಪ್ಪ ಕಿಟಕಿಯ ಕೆಳಗೆ ಬಂದಾಗ ಒಂದು ಕ್ಷಣ ನಿಂತ. ದೂರುವ ದನಿಯಲ್ಲಲ್ಲ, ಅರ್ಥವಾಗದ ದನಿಯಲ್ಲಿ ಮೆಲ್ಲಗೆ ಹೇಳಿದ. "ಮಗು ಕೆಂಪು ಟೋಪಿ ಹಾಕಿತ್ತಲ್ಲ ಸಾಬ್ರೇ. ನಂಗೆ ಹತ್ತು ಮಾರು ದೂರದಿಂದ್ಲೇ ಕಾಣ್ತು. ನಿಮ್ಗೆ ಇಲ್ಲೇ ಇತ್ತಲ್ಲ..."

ಅಷ್ಟು ಹೇಳಿ, ತನ್ನ ಮಾತು ಹೆಚ್ಚಾಯಿತೇನೋ ಎಂಬಂತೆ ತಲೆ ತಗ್ಗಿಸಿ ಮತ್ತೆ ಹುರುಳಿ ಎಳೆಯತೊಡಗಿದ.

ಶಾಲೆಯಲ್ಲಿ ಮಕ್ಕಳೆಲ್ಲ ಇಳಿದ ಮೇಲೂ ಸಾಬರು ಸೀಟಿನಿಂದ ಏಳಲಿಲ್ಲ. ಬೈರಮ್ಮ ಸೀಟುಗಳ ಕೆಳಗೆ ಬಿದ್ದ ಕರ್ಚೀಫು, ಪೆನ್ಸಿಲು ಹೆಕ್ಕುತ್ತಿದ್ದಳು.

"ಬೈರಮ್ಮಾ, ನಂಗೆ ಎಡಗಡೆ ಕಾಣಲ್ಲ."

ಅವಳು ಬೆನ್ನು ತಿರುಗಿಸಿಕೊಂಡೇ ಇದ್ದಳು. "ಗೊತ್ತು."

"ಏನ್ ಗೊತ್ತು?"

"ಹೋದ ಗೌರಿಹಬ್ಬದಿಂದ ಗೊತ್ತು. ಎಡಗಡೆ ನಿಂತು ಬಾಗಿನದ ಎಲೆಅಡಿಕೆ ನೀಡಿದ್ರೆ ನೀವು ಮುಂದೆ ನೋಡ್ತಾ ಇದ್ರಿ. ಅವತ್ತಿಂದ ತಗಡು ಜೋರಾಗಿ ಬಡೀತಿದೀನಿ." ಅವಳು ಈಗ ತಿರುಗಿದಳು. "ಇವತ್ತು ತಪ್ಪು ನಂದು. ನಾನು ಕೆಳಗೆ ಇಳೀದೆ ರೈಟ್ ಅಂದೆ. ನೀವು ಯಾರ ಹತ್ರಾನೂ ಬಾಯ್ಬಿಡ್ಬೇಡಿ ಸಾಬ್ರೇ. ಮಾರ್ಚ್‌ಗೆ ಪರೀಕ್ಷೆ ಮುಗೀತದೆ, ಆಮೇಲೆ ಬಿಟ್ಟುಬಿಡಿ. ಈಗ ಬಿಟ್ರೆ ಈ ಬಸ್ಸೇ ನಿಂತೋಯ್ತದೆ, ನಾನೆಲ್ಲಿಗೆ ಹೋಗ್ಲಿ?"

"ಮಾರ್ಚ್ ತನಕ ಎಷ್ಟು ಬೆಳಗು ಐತೆ, ಹೇಳು."

ಬೈರಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

ಶಾಲೆಯ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಕೋದಂಡರಾಮಪ್ಪ ಸಾಬರ ಮಾತನ್ನು ಪೂರ್ತಿ ಕೇಳಿಸಿಕೊಂಡು, ಮೊದಲು ಎದ್ದುಹೋಗಿ ಕೋಣೆಯ ಬಾಗಿಲು ಹಾಕಿ ಬಂದರು.

"ಇನ್ಯಾರಿಗಾದ್ರೂ ಹೇಳಿದೀರಾ?"

"ಬೈರಮ್ಮಂಗೆ ಬಿಟ್ರೆ ಇಲ್ಲ ಸಾರ್."

"ಹೇಳ್ಬೇಡಿ. ಈ ಚಳೀಲಿ, ಆ ದಾರಿಗೆ, ನಾನೆಲ್ಲಿಂದ ಡ್ರೈವರ್ ತರ್ಲಿ? ನಿಧಾನ ಓಡ್ಸಿ. ಬೈರಮ್ಮನ್ನ ಮುಂದೇನೇ ನಿಲ್ಲಿಸ್ಕೊಳಿ. ಒಂದೂವರೆ ವರ್ಷ ಓಡ್ಸಿದೀರಲ್ಲ, ಇನ್ನು ಮೂರು ತಿಂಗಳು."

ಸಾಬರು ಕೀಲಿಯನ್ನು ಮೇಜಿನ ಮೇಲಿಟ್ಟರು. ಕೋದಂಡರಾಮಪ್ಪ ಅದನ್ನು ಅವರತ್ತ ತಳ್ಳಿದರು. ಸಾಬರು ಮತ್ತೆ ಇಡಲಿಲ್ಲ, ಎತ್ತಿಕೊಳ್ಳಲೂ ಇಲ್ಲ. ಸಲಾಮು ಮಾಡಿ ಹೊರಗೆ ಬಂದರು. ಬರುವಾಗ ಎಡಭುಜ ಬಾಗಿಲಿಗೆ ಬಡಿಯಿತು.

ಮಾರನೆಯ ಬೆಳಗ್ಗೆ ಐದಕ್ಕೇ ಎಚ್ಚರವಾಯಿತು. ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಅವರು ಗೋಡೆ ನೋಡುತ್ತ ಕೂತಿದ್ದನ್ನು ಕಂಡು ಮೆಹರ್ ಬಾನು ಚಹಾ ತಂದಿಟ್ಟಳು. ರಾತ್ರಿಯೇ ಎಲ್ಲ ಹೇಳಿಯಾಗಿತ್ತು. ಕಣ್ಣುರಿಯ ಔಷಧಿಯ ಶೀಶೆಯನ್ನು ಅವಳು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ, "ನಾನೇ ಹಾಕ್ತಿದ್ದೆ, ನಂಗೂ ಹೇಳ್ಲಿಲ್ಲ" ಎಂದಿದ್ದಳು, ಒಂದೇ ಒಂದು ಸಲ.

ಖಾಕಿ ಅಂಗಿಗಳನ್ನು ಒಗೆದು ಮಡಚಿ ವಾಪಸು ಕೊಡುವ ನೆಪದಲ್ಲಿ ಎಂಟಕ್ಕೆ ಶಾಲೆಯ ಗೇಟಿಗೆ ಹೋದರು. ಬಯಲಿನಲ್ಲಿ ಬಸ್ಸು ಮಂಜು ಹೊದ್ದು ನಿಂತಿತ್ತು. ಪೋಷಕರ ವಾಟ್ಸಾಪಿಗೆ ಹಿಂದಿನ ಮಧ್ಯಾಹ್ನವೇ ಸುದ್ದಿ ಹೋಗಿತ್ತಂತೆ: ಬಸ್ ರಿಪೇರಿ, ಮುಂದಿನ ಸೂಚನೆಯವರೆಗೆ ಮಕ್ಕಳನ್ನು ಪೋಷಕರೇ ಬಿಟ್ಟು, ಕರೆದೊಯ್ಯತಕ್ಕದ್ದು.

ಪೋಷಕರೇ ಬಿಡುತ್ತಿದ್ದರು. ಮಂಜಿನೊಳಗಿಂದ ಒಂದೊಂದೇ ಬೈಕು ಮೂಡುತ್ತಿತ್ತು. ಟ್ಯಾಂಕಿನ ಮೇಲೊಂದು, ಹಿಂದೆ ಎರಡು, ನಡುವೆ ಬ್ಯಾಗುಗಳು. ಒಂದು ಬೈಕಿಗೆ ಹೆಡ್‌ಲೈಟೇ ಇರಲಿಲ್ಲ. ಹಿಂದೆ ಕೂತ ಹುಡುಗಿ ಮೊಬೈಲ್ ಟಾರ್ಚು ಹಿಡಿದಿದ್ದಳು. ಇವರೆಲ್ಲ ಲಾರಿಗಳು ಓಡುವ ಹೆದ್ದಾರಿ ದಾಟಿಯೇ ಬಂದಿದ್ದಾರೆ. ನಾಳೆಯೂ ದಾಟುತ್ತಾರೆ. ಸಾಬರು ಕೀಲಿ ಇಟ್ಟು ಬಂದರೆ ಮಕ್ಕಳು ಉಳಿದಾವು ಎಂದುಕೊಂಡಿದ್ದರು. ಯಾವ ಮಕ್ಕಳು, ಎಲ್ಲಿ ಉಳಿದರು?

ಸ್ಕೂಟಿಯೊಂದು ಪಕ್ಕದಲ್ಲೇ ನಿಂತಿತು. ಧನಶ್ರೀ. ಕೈಗಳು ಚಳಿಗೆ ಸೆಟೆದಿದ್ದವು, ಹ್ಯಾಂಡಲಿನಿಂದ ಬಿಡಿಸಿಕೊಳ್ಳಲೇ ಹೊತ್ತಾಯಿತು.

"ಏನ್ ಸಾಬ್ರೇ, ಬಸ್ಸಿಗೇನಾಯ್ತು? ಯಾವತ್ತು ರೆಡಿಯಾಗುತ್ತೆ? ಜೀವ ಕೈಲಿ ಹಿಡ್ಕೊಂಡು ಬಂದೆ ನಾನು. ಎದುರಿಗೆ ಏನ್ ಬರ್ತಿದೆ ಅಂತಾನೇ ಕಾಣಲ್ಲ."

"ಬಸ್ಸಿಗೇನೂ ಆಗಿಲ್ಲಮ್ಮ" ಎಂದರು ಸಾಬರು. "ನನ್ನ ಕಣ್ಣಿಗೆ. ನಿನ್ನೆ ಹುರುಳಿಯಿಂದ ಆಗಿದ್ದಲ್ಲ ಅದು. ಮುನಿಯಲ್ಲಪ್ಪನ ತಪ್ಪೇನಿಲ್ಲ. ನಂಗೆ ಎಡಗಡೆ ಕಾಣಲ್ಲ."

ಅವಳು ನಗಲು ಹೊರಟಂತೆ ತುಟಿ ತೆರೆದಳು. ಆಮೇಲೆ ಅವಳ ನೋಟ ಅವರ ಮುಖದಿಂದ ಜಾರಿ ಎಲ್ಲೋ ಕೆಳಗೆ, ಪಕ್ಕಕ್ಕೆ ಹೋಗಿ, ಅಲ್ಲೇ ನಿಂತಿತು. ಮತ್ತೆ ಅವರ ಮುಖಕ್ಕೆ ಬಂತು. ಮತ್ತೆ ಅಲ್ಲಿಗೇ ಹೋಯಿತು. ಸಾಬರಿಗೆ ಅವಳು ಏನು ನೋಡುತ್ತಿದ್ದಾಳೆಂದು ತಿಳಿಯಲಿಲ್ಲ.

"ಯಾವಾಗಿಂದ?" ಎಂದಳು. ದನಿ ಬೇರೆಯೇ ಆಗಿತ್ತು.

"ಒಂದೂವರೆ ವರ್ಷ."

ಅವಳು ಮನಸ್ಸಿನಲ್ಲೇ ಹಿಂದಕ್ಕೆ ಎಣಿಸುತ್ತಿದ್ದಳು. ಚಂದನ ಎಲ್‌ಕೆಜಿಗೆ ಸೇರಿದ ಮೊದಲ ದಿನ. ಮಳೆಗಾಲ. ಹೋದ ಚಳಿಗಾಲ. ಪ್ರತಿಯೊಂದು ಬೆಳಗು, ಪ್ರತಿಯೊಂದು ಸಂಜೆ. ಅದು ಅವಳ ಮುಖದಲ್ಲಿ ಒಂದೊಂದಾಗಿ ಕಾಣುತ್ತಿತ್ತು. ನೇರ ಎದುರಿಗಿದ್ದದ್ದು ಸಾಬರಿಗೆ ಇನ್ನೂ ಚೆನ್ನಾಗಿಯೇ ಕಾಣುತ್ತಿತ್ತು.

"ತಾತ, ತಗೋ ಅಂದೆ. ಎಷ್ಟೊತ್ತಿಂದ ಹಿಡ್ಕೊಂಡಿದೀನಿ" ಎಂದಿತು ಎಡಗಡೆಯಿಂದ ಒಂದು ದನಿ.

ಸಾಬರು ತಲೆಯನ್ನು ಪೂರ್ತಿ ತಿರುಗಿಸಿದರು. ಕೆಂಪು ಟೋಪಿ ಅವರ ಅಂಗೈಯಷ್ಟು ದೂರದಲ್ಲಿತ್ತು. ಮಗು ಕಡಲೆ ಮಿಠಾಯಿಯ ತುಂಡೊಂದನ್ನು ಚಾಚಿ ಹಿಡಿದಿತ್ತು. ಅವರು ಕೈ ನೀಡುವುದರೊಳಗೆ ಧನಶ್ರೀ ಮಗಳ ತೋಳು ಹಿಡಿದು ಎಳೆದುಕೊಂಡಳು. ಮಿಠಾಯಿ ಕೆಳಗೆ ಬಿತ್ತು. ಅವಳು ಮಗುವನ್ನು ಕರೆದುಕೊಂಡು ಗೇಟಿನೊಳಗೆ ನಡೆದಳು.

ಸಾಬರು ಮಿಠಾಯಿಗಾಗಿ ಬಗ್ಗಿದರು. ಎಡಗಡೆಯ ನೆಲವನ್ನು ಸ್ವಲ್ಪ ಹೊತ್ತು ತಡಕಾಡಿದರು. ಹಿಂದೆ ಮಂಜಿನೊಳಗೆ ಬೈಕೊಂದು ಜೋರಾಗಿ ಬ್ರೇಕ್ ಹಾಕಿದ ಸದ್ದು ಕೇಳಿಸಿತು. ಅವರು ಬಗ್ಗಿದಲ್ಲೇ ಉಸಿರು ಬಿಗಿಹಿಡಿದು ಕಿವಿಗೊಟ್ಟರು. ಒಂದು, ಎರಡು, ಮೂರು.