ಬೆಂಚಿನಿಂದ ಆಚೆ ಹಾಕಿಸಿಕೊಂಡ ನಮ್ಮಕ್ಕ

ನಮ್ಮಕ್ಕ ಹಗಲು ನ್ಯಾಯಾಧೀಶೆ, ಸಂಜೆ ಕಾನೂನು ಕಾಲೇಜಿನಲ್ಲಿ ಮೇಡಂ. ಹಗಲಿನದು ಹೊಟ್ಟೆಪಾಡು, ಸಂಜೆಯದು ಹುಚ್ಚು. ಕೋರ್ಟಿನಿಂದ ಮುಖ ಗಂಟುಹಾಕಿಕೊಂಡು ಬರುವವಳು ಪಾಠ ಮುಗಿಸಿ ಬಂದರೆ ಕಿವಿಯವರೆಗೆ ನಗು, ಸೀರೆಯ ತುಂಬ ಸೀಮೆಸುಣ್ಣದ ಪುಡಿ. ಸೀರೆ ಒಗೆದು ನನ್ನ ರಟ್ಟೆ ಬಿದ್ದುಹೋಗಿದೆ.

ಒಂದು ದಿನ ಮೇಲಿನಿಂದ ಆದೇಶ ಬಂತು. ನ್ಯಾಯಾಧೀಶರು ಹೊರಗಿನವರ ಸಂಬಳ ಮುಟ್ಟಕೂಡದು, ನಾಳೆ ಅವರದೇ ಕೇಸು ಬಂದರೆ ನ್ಯಾಯ ಹೇಗೆ ಹೇಳುತ್ತೀರಿ ಅಂತ. ಮಾತೇನೋ ಸರಿಯೇ.

"ಅಷ್ಟೇ ತಾನೆ? ಪುಕ್ಕಟೆ ಹೇಳ್ಕೊಡ್ತೀನಿ" ಅಂದಳು ಅಕ್ಕ.

ಪ್ರಿನ್ಸಿಪಾಲರು ಕೈಮುಗಿದರು. "ಸಂಬಳ ಇಲ್ದೆ ಯಾರಿಂದಲೂ ಪಾಠ ಮಾಡಿಸ್ಬಾರ್ದು ಅಂತ ನಮ್ಮಲ್ಲೂ ನಿಯಮ ಇದೆ ಮೇಡಂ."

ಅತ್ತ ದರಿ, ಇತ್ತ ಪುಲಿ. ಮನೆಯಲ್ಲಿ ಶುರುವಾಯಿತು ನೋಡಿ ಅವಳ ಕಾಟ! ಹಾಲಿನವನನ್ನು ನಿಲ್ಲಿಸಿಕೊಂಡು ಕರಾರಿನ ಕಾನೂನು ಬಿಡಿಸಿ ಹೇಳಿದಳು. ಮರುದಿನದಿಂದ ಅವನು ಹಾಲನ್ನು ಗೇಟಿನ ಹೊರಗೇ ಇಟ್ಟು ಪರಾರಿ. ಆದರೆ ಒಂದು ಸಂಜೆ, ಕ್ಲಾಸಿನ ಹೊತ್ತಿಗೆ, ಅಕ್ಕ ಕಾಲೇಜಿನ ಚೀಲ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ಸಂಕಟ ಬಂದರೆ ನನಗೆ ಸಿಟ್ಟೂ ಬರುತ್ತದೆ.

"ಪಾಠ ಮಾಡೋಕೆ ತಾನೆ ಅಡ್ಡಿ? ಕೇಳೋಕೆ ಯಾರು ಬೇಡ ಅಂದ್ರು? ಹೋಗಿ ಸೇರ್ಕೋ!" ಎಂದು ರೇಗಿದೆ.

ಪುಣ್ಯಾತ್ಗಿತ್ತಿ ನಿಜವಾಗಿ ಹೋಗಿ ಫೀಸು ಕಟ್ಟಿ, ಅಲ್ಲೇ ಒಂದು ಡಿಪ್ಲೊಮಾಕ್ಕೆ ಸೇರಿಬಿಟ್ಟಳು!

ಮೊದಲ ದಿನ ಪಾಠ ಮಾಡಲು ಬಂದವಳು ಅಕ್ಕನ ಹಳೆಯ ಶಿಷ್ಯೆ. ಹಿಂದಿನ ಬೆಂಚಿನಲ್ಲಿ ಅಕ್ಕ ತುಟಿ ಹೊಲಿದುಕೊಂಡೇ ಕೂತಿದ್ದಳಂತೆ. ಪಕ್ಕದವನು ಏನೋ ಅನುಮಾನ ಕೇಳಿದ. ಅಕ್ಕ ಪಿಸುಗುಟ್ಟಿದಳು. ಮುಂದಿನ ಬೆಂಚಿನವರು ತಿರುಗಿದರು, ಅವರ ಮುಂದಿನವರೂ ತಿರುಗಿದರು. ನೋಡನೋಡುತ್ತ ಇಡೀ ಕ್ಲಾಸು ಬೋರ್ಡಿಗೆ ಬೆನ್ನುಹಾಕಿ ಕೂತಿತು.

"ಯಾರದು ಹಿಂದೆ? ಮಾತಾಡೋದಿದ್ರೆ ಎದ್ದು ಆಚೆ ಹೋಗಿ!" ಎಂದು ಗದರಿದ ಶಿಷ್ಯೆ, ಎದ್ದವರನ್ನು ನೋಡಿ ನಾಲಿಗೆ ಕಚ್ಚಿಕೊಂಡಳು.

ಆದೇಶ ಆದೇಶವೇ. ಅಕ್ಕ "ಸಾರಿ ಮೇಡಂ" ಎಂದು ವರಾಂಡಕ್ಕೆ ನಡೆದಳು. ಅನುಮಾನ ತೀರದವನು ಹಿಂದೆಯೇ ಬಂದ. ಅವನ ಹಿಂದೆ ಇನ್ನಿಬ್ಬರು, ಆಮೇಲೆ ಎಲ್ಲರೂ. ಕೊನೆಗೆ ಶಿಷ್ಯೆಯೂ ಬಂದು, ಮಕ್ಕಳನ್ನು ಸರಿಸಿ, ನೆಲದ ಮೇಲೆ ಜಾಗ ಮಾಡಿಕೊಂಡು ಕೂತಳಂತೆ. ಸಂಬಳವಿಲ್ಲ, ಹುದ್ದೆಯಿಲ್ಲ, ಯಾವ ನಿಯಮಕ್ಕೂ ಸಿಗದ ಪಾಠ ಗಂಟೆ ಹೊಡೆಯುವವರೆಗೂ ನಡೆಯಿತು.

"ಈ ವಯಸ್ಸಲ್ಲಿ ಕ್ಲಾಸಿಂದ ಆಚೆ ಹಾಕಿಸ್ಕೊಂಡ್ಯಲ್ಲೇ ಅಕ್ಕ, ಮಾನ ಹೋಗ್ಲಿಲ್ವಾ?" ಎಂದೆ.

ಅಕ್ಕ ನನ್ನ ಎರಡೂ ಕೈ ಹಿಡಿದು ಗಿರಗಿರ ತಿರುಗಿಸಿದಳು.

"ನಾಳೆನೂ ಆಚೆ ಹಾಕ್ತೀನಿ ಅಂತ ಮಾತು ಕೊಟ್ಟಿದ್ದಾಳೆ ಕಣೇ!"