ಮೂವತ್ಮೂರನೆಯ ದಿನದ ಕ್ಷೌರ

ಹೊಸಪೇಟೆಯಲ್ಲಿ ಬೆಳಗಿನ ಏಳೂವರೆಯ ಕೂಡ್ಲಿಗಿ ಬಸ್ಸು ಹತ್ತಿದಾಗ ನನ್ನ ಮುಖದ ಮೇಲೆ ಇಪ್ಪತ್ತೆಂಟು ದಿನಗಳ ಬಿಳಿ ಗಡ್ಡವಿತ್ತು. ಮೇ ತಿಂಗಳ ಬಿಸಿಲಿಗೆ ಕಿಟಕಿಯ ಸರಳು ಆಗಲೇ ಕಾದಿತ್ತು. ಬಸ್ಸಿನ ತುಂಬ ಉಚಿತ ಟಿಕೆಟ್ಟಿನ ಹೆಣ್ಣುಮಕ್ಕಳು. ಕಾಸು ಕೊಡುವ ಗಂಡಸರನ್ನು ಕಂಡಕ್ಟರು ಹುಡುಕಿ ಹುಡುಕಿ ಹಿಡಿಯುತ್ತಿದ್ದ. ಅರವತ್ತು ಚಿಲ್ಲರೆ ರೂಪಾಯಿ ಕೊಟ್ಟು ನಾನು ನಿಂತುಕೊಂಡೇ ಹೊರಟೆ.

ನಾನು ಮುಟ್ಟಬೇಕಾಗಿದ್ದದ್ದು ಹರಪನಹಳ್ಳಿಯನ್ನು. ನಾನು ಹುಟ್ಟಿ ಬೆಳೆದ ಊರು. ನೆಟ್ಟಗೆ ಹೋದರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರಬಹುದು. ನಾನು ಐದು ದಿನ ಇಟ್ಟುಕೊಂಡಿದ್ದೆ: ಕೂಡ್ಲಿಗಿ, ಕೊಟ್ಟೂರು, ಮತ್ತೆ ಹಿಂದಕ್ಕೆ ಹಗರಿಬೊಮ್ಮನಹಳ್ಳಿ, ಅಲ್ಲಿಂದ ಹಡಗಲಿ, ಕೊನೆಗೆ ಹರಪನಹಳ್ಳಿ. ದಾರಿ ಕೇಳಿದ ನನ್ನ ಹೆಂಡತಿ, ಕೊಂಕಣ ಸುತ್ತಿ ಮೈಲಾರಕ್ಕೆ ಹೋಗುವವರನ್ನು ಇಷ್ಟು ದಿನ ಗಾದೆಯಲ್ಲಷ್ಟೇ ಕೇಳಿದ್ದೆ ಎಂದಳು. ಮೈಲಾರ ಇರುವುದೂ ನನ್ನ ದಾರಿಯ ಹಡಗಲಿ ತಾಲೂಕಿನಲ್ಲೇ.

ಈ ಸುತ್ತಾಟದ ಮೂಲ ಇರುವುದು ಪುಣೆಯಲ್ಲಿ. ಟೆಲಿಫೋನ್ ಇಲಾಖೆಯ ನೌಕರಿಯಲ್ಲಿ ನಾನು ಬಹಳ ವರ್ಷ ಅಲ್ಲಿದ್ದೆ. ನಮ್ಮ ಮೇಲಿನ ಮನೆಯಲ್ಲಿ ಎಜ್ರಾ ಕಾಕಾ ಎಂಬ ಯೆಹೂದಿ ಹಿರಿಯರಿದ್ದರು. ಮನೆಮಾತು ಮರಾಠಿ, ಕಸುಬು ಪುಸ್ತಕದ ಬೈಂಡಿಂಗು. ಅವರ ಹಿರಿಯರ ಗೂಢವಿದ್ಯೆ ಕಬ್ಬಾಲಾದ ಬಗ್ಗೆ ಕೇಳಿದಾಗಲೆಲ್ಲ, ಅದಕ್ಕೆ ನಲವತ್ತು ದಾಟಿರಬೇಕು, ಹೊಟ್ಟೆ ತುಂಬಿರಬೇಕು ಎಂದು ನನ್ನನ್ನು ಓಡಿಸುತ್ತಿದ್ದರು. ನಿವೃತ್ತಿಯಾಗಿ ಹೊಸಪೇಟೆಗೆ ಹೊರಡುವ ವೇಳೆಗೆ ನನ್ನಲ್ಲಿ ಎರಡೂ ಧಾರಾಳವಾಗಿದ್ದವು. ಮೂಗಿನ ತುದಿಯಲ್ಲೇ ಇರುವ ನನ್ನ ಸಿಟ್ಟನ್ನು ಕಂಡಿದ್ದ ಕಾಕಾ ಆಗ ಒಂದೇ ಒಂದು ಅಭ್ಯಾಸ ಹೇಳಿಕೊಟ್ಟರು.

ಅವರ ವಸಂತದ ಹಬ್ಬದಿಂದ ಮುಂದಿನ ಹಬ್ಬದವರೆಗೆ ಏಳು ವಾರ, ನಲವತ್ತೊಂಬತ್ತು ದಿನ. ಅವರ ಲೆಕ್ಕದಲ್ಲಿ ಹೊಸ ದಿನ ಶುರುವಾಗುವುದೇ ಹೊತ್ತು ಮುಳುಗಿದ ಮೇಲೆ. ದಿನಾ ಆ ಹೊತ್ತಿಗೆ, ಇಂದು ಇಷ್ಟನೆಯ ದಿನ ಎಂದು ಬಾಯಿಬಿಟ್ಟು ಎಣಿಸಬೇಕು. ವಾರಕ್ಕೊಂದು ಗುಣ: ಪ್ರೀತಿ, ಹಿಡಿತ, ಅವೆರಡರ ಹದ, ತಾಳಿಕೆ, ತಲೆಬಾಗುವುದು, ನಂಟು, ದೊರೆತನ. ವಾರದ ಏಳು ದಿನಕ್ಕೂ ಮತ್ತೆ ಅವೇ ಏಳು. ಅವತ್ತಿನ ಗುಣ ನಮ್ಮೊಳಗೆ ಎಲ್ಲಿ ಹರಿದಿದೆ ಎಂದು ನೋಡಿ ಅಲ್ಲಿಗೆ ಮಾತ್ರ ಹೊಲಿಗೆ ಹಾಕಬೇಕು. ಇಡೀ ಪುಸ್ತಕವನ್ನು ಒಂದೇ ದಿನ ಹೊಲಿಯಲು ಹೋದರೆ ದಾರ ಕಿತ್ತುಬರುತ್ತದೆ ಎಂದಿದ್ದರು ಕಾಕಾ. ಮಂತ್ರ ನಮ್ಮದು, ಅದು ನಿನಗೆ ಬೇಡ. ಎಣಿಸುವುದಕ್ಕೆ ಯಾರ ಅಡ್ಡಿಯೂ ಇಲ್ಲ ಎಂದೂ ಹೇಳಿದ್ದರು.

ಈ ಎಣಿಕೆಯ ದಿನಗಳಲ್ಲಿ ಅವರು ಕ್ಷೌರ ಮಾಡಿಸುವುದಿಲ್ಲ. ಹಿಂದೆ ಒಬ್ಬ ದೊಡ್ಡ ಗುರುವಿನ ಸಾವಿರಾರು ಶಿಷ್ಯರು, ಒಬ್ಬರಿಗೊಬ್ಬರು ಮರ್ಯಾದೆ ಕೊಡದೆ ಹೋದದ್ದಕ್ಕೆ, ಈ ದಿನಗಳಲ್ಲೇ ಬೇನೆ ಬಂದು ಸತ್ತರಂತೆ. ಸಾವು ನಿಂತದ್ದು ಮೂವತ್ಮೂರನೆಯ ದಿನ. ಅಂದು ಬೆಂಕಿ ಹಾಕಿ ಕುಣಿದು, ಕೂದಲು ತೆಗೆಸುತ್ತಾರೆ. ಮೂವತ್ನಾಲ್ಕಕ್ಕೆ ತೆಗೆಸುವವರಿದ್ದಾರೆ, ಕೊನೆಯವರೆಗೂ ಕಾಯುವವರಿದ್ದಾರೆ. ಗಡ್ಡದ ತುರಿಕೆ ತಾಳಲಾರದೆ ನಾನು ಎಲ್ಲಕ್ಕಿಂತ ಹತ್ತಿರದ್ದನ್ನೇ ಆರಿಸಿಕೊಂಡೆ.

ಮರ್ಯಾದೆ ಕೊಡದವರ ಸಾಲಿನಲ್ಲಿ ನಾನೂ ಇದ್ದೆ. ಹರಪನಹಳ್ಳಿಯ ಹಾಲೇಶ ನನ್ನ ಜೊತೆ ಏಳು ವರ್ಷ ಒಂದೇ ಬೆಂಚಿನಲ್ಲಿ ಕೂತವನು. ಅಪ್ಪನ ಸಲೂನಿನಲ್ಲಿ ಅವನು ಕತ್ತರಿ ಹಿಡಿಯಲು ಕಲಿತದ್ದೇ ನನ್ನ ತಲೆಯ ಮೇಲೆ. ಆರು ವರ್ಷದ ಹಿಂದೆ ಶಾಲೆಯ ಹಳೆಯ ಹುಡುಗರೆಲ್ಲ ಒಂದು ದಿನ ಸೇರಿದೆವು. ಮನೆಮನೆ ತಿರುಗಿ ಎಲ್ಲರನ್ನೂ ಕೂಡಿಸಿದವನು ಅವನೇ. ಮಾತನಾಡುವವರ ಪಟ್ಟಿಯಲ್ಲಿ ಅವನ ಹೆಸರಿತ್ತು, ನನ್ನದಿರಲಿಲ್ಲ. ಅವನು ಮೈಕಿನ ಮುಂದೆ ನಿಂತಾಗ ನಾನು, "ಕತ್ತರಿ ಹಿಡಿಯೋನ ಕೈಗೆ ಮೈಕ್ ಯಾಕ್ರಪಾ?" ಎಂದೆ. ನಲವತ್ತು ಜನ ಕೇಳಿದರು. ಹಾಲೇಶ ಮೈಕನ್ನು ಮೆಲ್ಲಗೆ ಕೆಳಗಿಟ್ಟು ವೇದಿಕೆಯಿಂದ ಇಳಿದುಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಮೇಲೆ ಎರಡು ಸಲ ಫೋನು ಮಾಡಿದೆ, ಎರಡು ಸಲವೂ ಆ ಕಡೆಯಿಂದ ಕರೆ ಕಟ್ ಆಯಿತು. ಮೂರನೆಯ ಸಲ ಮಾಡುವ ಧೈರ್ಯ ಬರಲಿಲ್ಲ. ಎಣಿಕೆಯ ಐದನೆಯ ವಾರ ತಲೆಬಾಗುವ ವಾರ, ಅದರ ಐದನೆಯ ದಿನ ತಲೆಬಾಗುವುದರೊಳಗಿನ ತಲೆಬಾಗುವುದು. ಮೂವತ್ಮೂರನೆಯ ದಿನ ಅದೇ. ಈ ವರ್ಷ ಅವತ್ತು ಅವನ ಕುರ್ಚಿಯಲ್ಲೇ ಹೋಗಿ ಕೂರಬೇಕೆಂದು ನಿಶ್ಚಯಿಸಿದೆ. ನೇರವಾಗಿ ಹೋಗಲು ಅಂಜಿಕೆಯಿದ್ದುದರಿಂದ ದಿನಕ್ಕೊಂದು ಊರು.

ಕೂಡ್ಲಿಗಿಯಲ್ಲಿ ತಂಗಿ ಶಾರದೆಯ ಮನೆ. ಅಂದಿನ ಪಾಠ ತಲೆಬಾಗಿ ಪ್ರೀತಿಸುವುದು. ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ ಬಡಿಸಿದಳು. ಪಲ್ಯಕ್ಕೆ ಉಪ್ಪೇ ಬಿದ್ದಿರಲಿಲ್ಲ. ಬೇರೆ ದಿನವಾಗಿದ್ದರೆ ತಾಟು ಸರಿಸುತ್ತಿದ್ದೆ. ಅವತ್ತು ಚೆನ್ನಾಗಿದೆ ಎಂದು ಎರಡು ಸಲ ಹಾಕಿಸಿಕೊಂಡು ಉಂಡೆ. ಆಮೇಲೆ ತಾನು ಉಣ್ಣಲು ಕೂತ ಶಾರದೆ ಮೊದಲ ತುತ್ತಿಗೇ ನಿಲ್ಲಿಸಿ ನನ್ನ ಹಣೆ ಮುಟ್ಟಿ ನೋಡಿದಳು. "ಅಣ್ಣ, ನಿನಗ ಏನಾಗೇತಿ? ಖರೇ ಹೇಳು, ದವಾಖಾನಿಗಿ ಹೋಗೂಣು." ಗಡ್ಡ ನೋಡಿದಾಗಲೇ ಅವಳಿಗೆ ಅನುಮಾನವಿತ್ತು, ಪಲ್ಯ ಅದನ್ನು ಗಟ್ಟಿ ಮಾಡಿತು. ನಾನು ಇಷ್ಟು ದಿನ ಎಂಥ ಅಣ್ಣನಾಗಿದ್ದೆ ಎಂಬುದು ನನಗೆ ಅಲ್ಲೇ ತಿಳಿದು ನಾಚಿಕೆಯಾಯಿತು. ಸಂಜೆ ಅವಳ ಮಾಳಿಗೆಯ ಮೇಲೆ ನಿಂತು ಮೂವತ್ತು ಎಣಿಸಿದೆ.

ಮರುದಿನದ ಪಾಠ ಹಿಡಿತ, ಅದರಲ್ಲಿ ನಾನು ನಪಾಸಾದೆ. ಕೂಡ್ಲಿಗಿಯಿಂದ ಕೊಟ್ಟೂರು ಇಪ್ಪತ್ತು ಚಿಲ್ಲರೆ ಕಿಲೋಮೀಟರು. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನನ್ನ ಗಡ್ಡ ಕಂಡ ಕಂಡಕ್ಟರು, ಸ್ವಾಮಿಗಳಿಗೆ ಜಾಗ ಬಿಡ್ರಿ ಎಂದು ಕೂಗಿದ. ಇಬ್ಬರು ಎದ್ದರು. ನಾನು ಸ್ವಾಮಿಯಲ್ಲ ಎನ್ನಬೇಕಿತ್ತು, ಮಂಡಿನೋವು ಎನ್ನಲು ಬಿಡಲಿಲ್ಲ, ಕೂತೆ. ಪಾಪದ ಫಲ ಎರಡೇ ನಿಲ್ದಾಣದಲ್ಲಿ ಸಿಕ್ಕಿತು: ಒಬ್ಬ ಅಜ್ಜಿ ಮೊಮ್ಮಗಳನ್ನು ತಂದು ನನ್ನ ಕಾಲಿಗೆ ಹಾಕಿದಳು. ಕೂಸಿನ ತಲೆಯ ಮೇಲೆ ಕೈಯಿಟ್ಟು, ಚೆನ್ನಾಗಿರು ತಾಯಿ ಎಂದೆ. ಮನಸ್ಸಿನಿಂದಲೇ ಹೇಳಿದೆ, ಅಷ್ಟು ಮಾತ್ರ ಸುಳ್ಳಲ್ಲ.

ಕೊಟ್ಟೂರಿನಲ್ಲಿ ಮಂಡಕ್ಕಿ ಮಿರ್ಚಿ ತಿನ್ನುತ್ತ ಇದನ್ನು ಬೆಂಚಿನಲ್ಲಿ ಪಕ್ಕಕ್ಕಿದ್ದ ಒಬ್ಬ ಹಿರಿಯರಿಗೆ ಒಪ್ಪಿಸಿದೆ. ಉಜ್ಜಿನಿಗೆ ಹೊರಟ ನಿವೃತ್ತ ಮೇಷ್ಟ್ರು, ಹಣೆ ತುಂಬ ವಿಭೂತಿ. ಮನಸಾರೆ ನಕ್ಕು ಕಾಕಾನ ಏಳು ಗುಣಗಳನ್ನು ಕೇಳಿ ತಿಳಿದುಕೊಂಡರು. ತಮ್ಮಲ್ಲೂ ಭಕ್ತನಿಂದ ಐಕ್ಯದವರೆಗೆ ಷಟ್‌ಸ್ಥಲವೆಂಬ ಆರು ಮೆಟ್ಟಿಲುಗಳಿವೆ ಎಂದರು. ನೀವು ಎಷ್ಟನೆಯದರಲ್ಲಿದ್ದೀರಿ ಎಂದು ಕೇಳಿಬಿಟ್ಟೆ.

"ಎಂಬತ್ತು ವರ್ಷ ಆತು, ಇನ್ನೂ ಮೊದಲನೇದರಾಗ ಅದೀನ್ರಿ," ಎಂದರು. "ಅಲ್ಲೇ ಬೇಷ್ ಐತಿ. ಗಾಳಿ ಚಲೋ ಬರ್ತೈತಿ."

ನನ್ನ ಮಿರ್ಚಿಯನ್ನೂ ಒಂದು ಎತ್ತಿಕೊಂಡು ಅವರು ಉಜ್ಜಿನಿ ಬಸ್ಸಿಗೆ ಹೋದರು.

ಮರುದಿನ ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಗೆ ಪ್ಯಾಸೆಂಜರ್ ರೈಲು ಹಿಡಿದೆ. ಖಾಲಿ ಬೋಗಿ, ಬಿಸಿಗಾಳಿ, ದಾರಿಯುದ್ದ ದಾಳಿಂಬೆ ತೋಟ. ಲಾಡ್ಜಿನಲ್ಲಿ ಚೀಲ ಇಟ್ಟು ಆಟೋದಲ್ಲಿ ಹಂಪಸಾಗರಕ್ಕೆ ಹೋದೆ. ತುಂಗಭದ್ರೆಯ ಹಿನ್ನೀರು ದೂರ ಸರಿದಿತ್ತು. ಬಿರಿದ ಮಣ್ಣಿನ ಮೇಲೆ ಬಹಳ ಹೊತ್ತು ನಡೆದ ಮೇಲೆ ನೀರು ಸಿಕ್ಕಿತು. ಅಲ್ಲಿ ಹೊತ್ತು ಮುಳುಗಿದಾಗ ಮೂವತ್ತೆರಡು ಎಣಿಸಿ ಕಾಕಾಗೆ ಫೋನು ಮಾಡಿದೆ. ಹಾಲೇಶನಿಗೆ ಒಬ್ಬನೇ ಇರುವಾಗ ಹೇಳಿದರೆ ಸಾಕಲ್ಲವೇ ಎಂದು ಕೇಳಿದೆ. ಹಾಗೆಂದು ಹೇಳಲಿ ಎಂಬ ಆಸೆ ನನಗಿತ್ತು. ಕಾಕಾ, ದೇವರಿಗೆ ಮಾಡಿದ ತಪ್ಪನ್ನು ದೇವರು ಒಬ್ಬನೇ ಕ್ಷಮಿಸಬಲ್ಲ, ಮನುಷ್ಯನಿಗೆ ಮಾಡಿದ್ದನ್ನು ಆ ಮನುಷ್ಯನೇ ಕ್ಷಮಿಸಬೇಕು ಎಂದರು. ಮತ್ತೆ, ಎಷ್ಟು ಕಿವಿ ಕೇಳಿದ್ದವೋ ಅಷ್ಟು ಕಿವಿಗೆ ಹೇಳು ಎಂದು ಸೇರಿಸಿದರು. ನಲವತ್ತು ಜೊತೆ ಕಿವಿಗಳನ್ನು ನೆನೆಯುತ್ತ ಅದೇ ಮಣ್ಣಿನ ಮೇಲೆ ಹಿಂದಕ್ಕೆ ನಡೆದೆ.

ನಾಲ್ಕನೆಯ ದಿನ ಹಡಗಲಿಯಲ್ಲಿ ಊರಿಗೆ ಊರೇ ಮಲ್ಲಿಗೆಯ ವಾಸನೆ. ಹೂ ಕಟ್ಟುತ್ತಿದ್ದ ಹೆಂಗಸೊಬ್ಬಳು ನನ್ನ ತಲೆ ನೋಡಿ, ಇಷ್ಟು ಜುಟ್ಟಿಗೆ ಒಂದು ಮೊಳ ಸಾಕಾಗುವುದಿಲ್ಲ ಅಜ್ಜಾ ಎಂದು ಕಿಚಾಯಿಸಿದಳು. ಹೊಳಲಿಗೆ ಹೋಗಿ ಅನಂತಶಯನನನ್ನು ನೋಡಿಬಂದೆ. ಅಂಥ ನೆಮ್ಮದಿಯ ನಿದ್ದೆ ನನಗೆ ಬರಲಿಲ್ಲ. ಅಂದಿನ ಪಾಠ ತಾಳಿಕೆ. ಮರುದಿನ ಬೆಳಿಗ್ಗೆ ನಿಲ್ದಾಣದಲ್ಲಿ ಹರಪನಹಳ್ಳಿ ಬಸ್ಸು, ಹೊಸಪೇಟೆ ಬಸ್ಸು ಒಂದರ ಪಕ್ಕ ಒಂದು ನಿಂತಿದ್ದವು. ನಾನು ಹೋಗಿ ಹೊಸಪೇಟೆ ಬಸ್ಸಿನಲ್ಲಿ ಕೂತೆ. ಕಂಡಕ್ಟರು ಯಂತ್ರ ಹಿಡಿದು ಎಲ್ಲಿಗೆ ಎಂದಾಗ ನನ್ನ ಬಾಯಿ ಹರಪನಹಳ್ಳಿ ಎಂದಿತು. ಬೋರ್ಡು ಓದಕ್ಕ ಬರಂಗಿಲ್ಲೇನು ಎಂದು ಬೈದು ಅವನು ಇಳಿಸಿದ. ಯಾರಾದರೂ ಬೈದದ್ದಕ್ಕೆ ನನಗೆ ಅಷ್ಟು ಸಂತೋಷವಾದದ್ದು ಅದೇ ಮೊದಲು.

ಹತ್ತು ಗಂಟೆಗೆ ಹರಪನಹಳ್ಳಿ. ಹಾಲೇಶನ ಸಲೂನಿನಲ್ಲಿ ಮೂವರು ಕಾಯುತ್ತಿದ್ದರು. ಅವನ ಮೀಸೆ ಬೆಳ್ಳಗಾಗಿತ್ತು. ನನ್ನನ್ನು ಒಮ್ಮೆ ನೋಡಿ, ಗುರುತು ಹತ್ತಿತೋ ಇಲ್ಲವೋ ತೋರಿಸದೆ, "ಕುತ್ಕಳ್ರಿ" ಎಂದ. ಪಾಳಿ ಬಂದಾಗ ನಾನು ಕುರ್ಚಿಯ ಪಕ್ಕ ನಿಂತೆ. ಐದು ದಿನ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಹಾರಿಹೋಗಿ ಇಷ್ಟೇ ಉಳಿಯಿತು:

"ಹಾಲೇಶ, ಅವತ್ತು ನಾನು ಆಡಿದ್ದು ಹೊಟ್ಟೆಕಿಚ್ಚಿಗೆ. ನಿನಗೂ ನಿನ್ನ ಕೆಲಸಕ್ಕೂ ಅವಮಾನ ಮಾಡಿದೆ. ತಪ್ಪಾತು."

ನನ್ನ ಹಿಂದೆ ಬಂದು ಕಾಯುತ್ತಿದ್ದ ಮೂವರು ಪೇಪರಿನಿಂದ ತಲೆ ಎತ್ತಿದರು. ಹಾಲೇಶ ನನ್ನನ್ನು ಕೂರಿಸಿ ಬಟ್ಟೆ ಕಟ್ಟಿದ. ತಲೆ ಮುಗಿಸಿದ, ನೊರೆ ಹಚ್ಚಿದ, ಬಲಗೆನ್ನೆಯನ್ನು ನುಣ್ಣಗೆ ಬೋಳಿಸಿದ. ಆಮೇಲೆ ರೇಜರು ಒರೆಸಿಟ್ಟು, ಎಡಗೆನ್ನೆಯ ನೊರೆಯನ್ನೂ ಒರೆಸಿ, ಬೆಂಚಿನ ಮೇಲೆ ಕೂತುಬಿಟ್ಟ.

"ಅವತ್ತು ನಲವತ್ತು ಜನ ಇದ್ರು. ಇಲ್ಲಿ ಮೂರೇ ಜನ ಅದಾರೆ," ಎಂದ. "ಉಳಿದೋರಿಗೂ ಹೇಳಿ ಬಾ. ಉಳಿದರ್ಧ ಆಮೇಲೆ ಮಾಡ್ತೀನಿ."

ಬಾ ಎಂದನಲ್ಲ, ಅದೊಂದೇ ಸಾಕಾಗಿತ್ತು. ಅರ್ಧ ಗಡ್ಡ ಹೊತ್ತು ಹರಪನಹಳ್ಳಿಯ ಪೇಟೆಗೆ ಇಳಿದೆ. ಹಾರ್ಡ್‌ವೇರ್ ಅಂಗಡಿಯ ಸಹಪಾಠಿ ಮೊಳೆ ತೂಗುವುದನ್ನು ಬಿಟ್ಟು ನಕ್ಕ. ಔಷಧಿ ಅಂಗಡಿಯವನು ಯಾವುದಾದರೂ ಮುಲಾಮು ಬೇಕೇ ಎಂದ. ಇಬ್ಬರ ಮುಂದೆಯೂ ನನ್ನ ತಪ್ಪು ಹೇಳಿದೆ. ಚಹಾದಂಗಡಿಯಲ್ಲಿ ಸಿಕ್ಕ ನಿವೃತ್ತ ಪಿ.ಟಿ. ಮೇಷ್ಟ್ರು, ನಮ್ಮ ಬ್ಯಾಚಿನವನೇ, ಎಲ್ಲ ಕೇಳಿ ಮೊಬೈಲು ತೆಗೆದ. ನನ್ನ ಮುಖದ ಫೋಟೋವನ್ನು ಹಳೆಯ ಹುಡುಗರ ವಾಟ್ಸಾಪ್ ಗುಂಪಿಗೆ ಹಾಕಿ, ಈಗ ಮಾತಾಡು ಎಂದು ಫೋನನ್ನು ನನ್ನ ಬಾಯಿಗೆ ಹಿಡಿದ. ಮಾತಾಡಿದೆ. ಚಹಾ ಆರುವುದರೊಳಗೆ ನಲವತ್ತು ಜನಕ್ಕೂ ಮುಟ್ಟಿತ್ತು.

ಹಿಂತಿರುಗಿದರೆ ಸಲೂನಿನ ಷಟರ್ ಎಳೆದಿತ್ತು. ಹಾಲೇಶ ಊಟಕ್ಕೆ ಹೋಗಿದ್ದ. ಹಿಂದಿನ ಓಣಿಯಲ್ಲೇ ಅವನ ಮನೆ. ಬಾಗಿಲು ತೆಗೆದದ್ದು ಅವನ ಹೆಂಡತಿ ಗಿರಿಜಮ್ಮ. ನನ್ನ ಮುಖ ನೋಡಿದರೂ ಆಕೆ ನಗಲಿಲ್ಲ. ಒಳಗೆ ಕರೆದು, ನೀರು ಕೊಟ್ಟು, ನಿಂತೇ ಹೇಳಿದರು.

"ಅವ್ರು ಅವತ್ತೇ ಮರೆತ್ರು. ಮರೀದಾಕಿ ನಾನು. ನಿಮ್ಮ ಫೋನ್ ಕಟ್ ಮಾಡಿದ್ದೂ ನಾನೇ. ಮಗಳು ನನ್ನ ಪಕ್ಕದಾಗೆ ಕುಂತಿದ್ಲು. ಅಪ್ಪ ಯಾಕೆ ಇಳಿದ ಅಂತ ಕೇಳಿದ್ಲು. ನಾನು ಏನಂತ ಹೇಳ್ಬೇಕಿತ್ತು, ನೀವೇ ಹೇಳ್ರಿ."

ನನಗೆ ಕಣ್ಣು ತುಂಬಿ ಬಂತು. ಆರು ವರ್ಷ ನಾನು ನಲವತ್ತು ಗಂಡಸರನ್ನು ಎಣಿಸಿದ್ದೆ, ಹಿಂದಿನ ಸಾಲಿನಲ್ಲಿ ಕೂತಿದ್ದ ಇವರಿಬ್ಬರು ಆ ಲೆಕ್ಕದಲ್ಲೇ ಇರಲಿಲ್ಲ. ಉತ್ತರ ನಾನೇ ಹೇಳುತ್ತೇನೆ, ಮಗಳಿಗೆ ಫೋನು ಹಚ್ಚಿ ಎಂದೆ. ಮಗಳು ಈಗ ದಾವಣಗೆರೆಯಲ್ಲಿ ಕೆಲಸಕ್ಕಿದ್ದಾಳೆ. ಊಟಕ್ಕೆ ಕೂತಿದ್ದ ಹಾಲೇಶ ಸ್ಪೀಕರ್ ಹಾಕಿ ಫೋನನ್ನು ನಡುವೆ ಇಟ್ಟ.

"ನಿಮ್ಮಪ್ಪ ಅವತ್ತು ಇಳಿದದ್ದು ಅವನ ತಪ್ಪಿಗಲ್ಲಮ್ಮ," ಎಂದೆ. "ಇಳೀಬೇಕಾಗಿದ್ದೋನು ನಾನು."

ಗಿರಿಜಮ್ಮ ಸೆರಗಿನ ತುದಿ ಹಿಂಡುತ್ತಿದ್ದರು. ಆ ಕಡೆಯಿಂದ ಮಗಳು ಮಾತಾಡಿದಳು.

"ಅಂಕಲ್, ನಿಮ್ಮ ಫೋಟೋ ಅಪ್ಪ ಆಗ್ಲೇ ಕಳ್ಸಿದಾರೆ. ಆ ಇನ್ನರ್ಧ ಹಂಗೇ ಇರ್ಲಿ ಬಿಡ್ರಿ. ನಿಮಗೆ ಒಪ್ತೈತೆ."

ಫೋನಿನಲ್ಲಿ ಅವಳು ನಕ್ಕಳು. ಗಿರಿಜಮ್ಮ ತಡೆದುಕೊಳ್ಳಲು ನೋಡಿ, ಆಗದೆ, ಗೋಡೆಗೆ ಒರಗಿ ನಗತೊಡಗಿದರು. ನಗುತ್ತಲೇ ಕಣ್ಣೊರೆಸಿಕೊಂಡು ನನಗೂ ಒಂದು ತಾಟು ಹಾಕಿದರು. ಉಂಡ ಮೇಲೆ ಹಾಲೇಶ ನನ್ನನ್ನು ಅಂಗಳದಲ್ಲಿ ಕೂರಿಸಿ ಎಡಗೆನ್ನೆ ಬೋಳಿಸಿದ. ಎಲ್ಲೂ ಗಾಯವಾಗಲಿಲ್ಲ, ಒಂದು ಕಡೆ ಮಾಡಬೇಕೆನಿಸಿತ್ತು ಎಂದು ಆಮೇಲೆ ಒಪ್ಪಿಕೊಂಡ.

ಹೊತ್ತು ಮುಳುಗುವವರೆಗೂ ಅವರು ಬಿಡಲಿಲ್ಲ. ಅಂಗಳದಲ್ಲೇ ನಿಂತು ಮೂವತ್ನಾಲ್ಕು ಎಣಿಸಿದೆ. ಇನ್ನೆಷ್ಟು ದಿನ ಉಳಿದಿವೆ ಎಂದು ಗಿರಿಜಮ್ಮ ಕೇಳಿದರು. ಹದಿನೈದು ಎಂದೆ. ಮುಗಿದ ಮೇಲೆ ಹೆಂಡತಿಯನ್ನೂ ಕರೆದುಕೊಂಡು ಊಟಕ್ಕೆ ಬರಬೇಕು ಎಂದರು. ಅಷ್ಟರಲ್ಲಿ ಹಾಲೇಶನಿಗೆ ಕೆಲಸ ಕೊಡುವಷ್ಟು ಕೂದಲು ಬೆಳೆದಿರುವುದಿಲ್ಲವಲ್ಲ ಎಂದು ನಾನು ನಕ್ಕೆ.

"ಕೂದ್ಲು ಬೆಳೀಲಿ ಬಿಡ್ಲಿ," ಎಂದರು ಗಿರಿಜಮ್ಮ, "ನೀವು ಬರ್ರಿ."

ಹಾಲೇಶ ನಿಲ್ದಾಣದವರೆಗೂ ಜೊತೆಗೆ ಬಂದ. ಹೊಸಪೇಟೆ ಬಸ್ಸಿನಲ್ಲಿ ಈ ಸಲ ನನಗೆ ಯಾರೂ ಜಾಗ ಬಿಡಲಿಲ್ಲ. ನಾನು ಬಾಗಿಲ ಬಳಿಯೇ ನಿಂತು, ಅವನು ಕಾಣುವಷ್ಟು ದೂರವೂ ಹಿಂದಕ್ಕೆ ನೋಡುತ್ತ ಹೋದೆ.