ತೊಳೆಯಬಾರದಿದ್ದ ನಾಲ್ಕನೇ ಪ್ಯಾನೆಲ್

ಮಾರ್ಚ್ ತಿಂಗಳ ಒಂದು ಸೋಮವಾರ, ಬೆಳಗ್ಗೆ ಒಂಬತ್ತು ಗಂಟೆ. ಹೈದರಾಬಾದಿನ ನಮ್ಮ ವಿಶ್ವವಿದ್ಯಾಲಯದ ಭೌತಶಾಸ್ತ್ರ ಕಟ್ಟಡದ ಮಾಳಿಗೆಯ ಮೇಲೆ ಮೂವರಿದ್ದೆವು: ಪ್ರಯೋಗಾಲಯದ ಮೇಲ್ವಿಚಾರಕನಾದ ನಾನು, ರಾಯಚೂರು ಕಡೆಯ ಸಂಶೋಧನಾ ವಿದ್ಯಾರ್ಥಿನಿ, ಕಟ್ಟಡದ ಕಸ ಗುಡಿಸುವ ಹೆಂಗಸು.

ನಿವೃತ್ತಿಯಾದ ಮೇಲೂ ನನ್ನನ್ನು ಗುತ್ತಿಗೆಯ ಮೇಲೆ ಉಳಿಸಿಕೊಂಡಿದ್ದರು. ಶಿಸ್ತಿನ ಮನುಷ್ಯ ಎಂಬುದೇ ಕಾರಣ. ಹಾಸ್ಟೆಲಿನಲ್ಲಿ ಗಂಟೆ ಬಾರಿಸಿದರೆ ಏಳುವ, ಗಂಟೆ ಬಾರಿಸಿದರೆ ಉಣ್ಣುವ ಹುಡುಗನಾಗಿ ಬೆಳೆದವನು ನಾನು. ಗಂಟೆ ಬಾರಿಸುವವರು ಹೋದ ಮೇಲೂ ಆ ರೂಢಿ ಬಿಡಲಿಲ್ಲ.

ಮಾಳಿಗೆಯ ಮೇಲೆ ನಾಲ್ಕು ಸೋಲಾರ್ ಪ್ಯಾನೆಲ್‌ಗಳಿದ್ದವು. ಮೊದಲನೆಯದನ್ನು ದಿನಾ ತೊಳೆಯುತ್ತಿದ್ದೆವು, ಎರಡನೆಯದನ್ನು ವಾರಕ್ಕೊಮ್ಮೆ, ಮೂರನೆಯದನ್ನು ತಿಂಗಳಿಗೊಮ್ಮೆ. ನಾಲ್ಕನೆಯದನ್ನು ಮುಟ್ಟುತ್ತಲೇ ಇರಲಿಲ್ಲ. ಮಳೆಗಾಲ ಮುಗಿದಂದಿನಿಂದ ಬೇಸಿಗೆಯ ಮೊದಲ ಮಳೆಯವರೆಗೆ ಅದರ ಮೇಲೆ ಧೂಳು ಕೂರಬೇಕು. ಕರೆಂಟು ಎಷ್ಟು ಇಳಿಯಿತೆಂದು ದಿನಾ ಬರೆಯಬೇಕು. ನೀರಿಗೆ ಪರದಾಡುವ ಹಳ್ಳಿಯ ಶಾಲೆ, ಆಸ್ಪತ್ರೆಗಳು ಪ್ಯಾನೆಲ್ ತೊಳೆಯದೆ ಎಷ್ಟು ದಿನ ತಳ್ಳಬಹುದು ಎಂಬುದು ಆ ಹುಡುಗಿಯ ಪ್ರಬಂಧದ ಪ್ರಶ್ನೆ. ದೊಡ್ಡ ಸಂಸ್ಥೆಗಳಲ್ಲಿ ಹೊಸ ಬಗೆಯ ಪ್ಯಾನೆಲ್ ಮಾಡುವ ಯಂತ್ರಗಳಿವೆ. ನಮ್ಮಂಥವರಿಗೆ ಅವು ಎಲ್ಲಿಂದ ಬರಬೇಕು? ನಮ್ಮಲ್ಲಿ ಈ ಸೀಮೆಯ ಬಿಸಿಲಿತ್ತು, ಕಲ್ಲುಗಣಿಯ ಧೂಳಿತ್ತು, ತಪ್ಪದೆ ಬರೆದುಕೊಳ್ಳುವ ಜನರಿದ್ದರು.

ಹಿಂದಿನ ವರ್ಷ ಜನವರಿಯಲ್ಲೇ ಅಕಾಲ ಮಳೆ ಬಂದು ಎಲ್ಲ ತೊಳೆದುಹೋಗಿತ್ತು. ಅವಳ ಫೆಲೋಶಿಪ್ ಮೇ ತಿಂಗಳಿಗೆ ಮುಗಿಯುತ್ತಿತ್ತು. ಈ ವರ್ಷ ಬಿಟ್ಟರೆ ಅವಳಿಗೆ ಇನ್ನೊಂದು ವರ್ಷವಿರಲಿಲ್ಲ.

ಅವಳು ನಾಲ್ಕನೆಯದಕ್ಕೆ ಮೀಟರ್ ಹಚ್ಚಿ ನೋಡಿದಳು. ತಂತಿ ಬಿಚ್ಚಿ ಮತ್ತೆ ಹಚ್ಚಿದಳು.

“ಸರ, ಮೀಟರ್ ಕೆಟ್ಟೈತೇನ್ರಿ? ಒಂದನೇದಕ್ಕೂ ಇದಕ್ಕೂ ಒಂದ ಅಂಕಿ ಬರಾಕತ್ತೈತಿ.”

“ಮೀಟರ್ ಕೆಟ್ಟಿಲ್ಲ. ಶನಿವಾರ ನಾನಽ ನೋಡೀನಿ.”

ಅವಳು ಗಾಜಿನ ಮೇಲೆ ಬೆರಳು ಎಳೆದಳು. ಬೆರಳಿಗೆ ಏನೂ ಹತ್ತಲಿಲ್ಲ.

ನಾನು ಗುಡಿಸುವವಳ ಕಡೆ ತಿರುಗಿದೆ. “ಮೀರೇ ಚೆಪ್ಪಿನ್ರು ಗದಾ ಸಾರು,” ಅಂದಳು ತೆಲುಗಿನಲ್ಲಿ. ನಾನೇ ಹೇಳಿದ್ದೆ, ನಿಜ. ಸೋಮವಾರ ಮಧ್ಯಾಹ್ನ ವಿಭಾಗಗಳ ತಪಾಸಣೆಗೆ ಕಮಿಟಿ ಬರುತ್ತದೆ, ಮಾಳಿಗೆ ಕನ್ನಡಿಯಂತಿರಬೇಕು ಎಂದು ಶನಿವಾರ ತಾಕೀತು ಮಾಡಿದ್ದೆ. ನಾಲ್ಕನೇ ಪ್ಯಾನೆಲಿಗೆ ಕಟ್ಟಿದ್ದ ‘ಮುಟ್ಟಬೇಡಿ’ ಎಂಬ ಬೋರ್ಡಿಗೆ ತುಕ್ಕು ಹಿಡಿದಿತ್ತು. ಅದು ಅತಿಥಿಗಳ ಕಣ್ಣಿಗೆ ಬೀಳಬಾರದೆಂದು ಬಿಚ್ಚಿಸಿ ಬಣ್ಣಕ್ಕೆ ಕಳಿಸಿದ್ದವನೂ ನಾನೇ. ಅವಳು ಭಾನುವಾರದ ರಜೆ ಬಿಟ್ಟು ಬಂದು, ಮೂರು ಅಂತಸ್ತು ನೀರು ಹೊತ್ತು ತಂದು ಉಜ್ಜಿದ್ದಳು. ಒಂದು ಕಲೆ ಉಳಿಸಿರಲಿಲ್ಲ.

ಹುಡುಗಿ ಕಟ್ಟೆಯ ಮೇಲೆ ಕುಳಿತಳು. ನಾನು ಆಗ ಆಡಿದ ಮಾತು ಇವತ್ತಿಗೂ ನಾಲಿಗೆಯ ಮೇಲೆ ಕಹಿಯಾಗಿದೆ.

“ತಂಗಿ, ಶನಿವಾರದ ತನಕಾ ಅಂಕಿ ನಮ್ಮ ಕಡೆ ಅದಾವ. ಮುಂದಿಂದು ದಿನಾ ಸ್ವಲ್ಪ ಸ್ವಲ್ಪ ಇಳಿಸ್ಕೋತ ಬರದ್ರ...”

“ಹಂಗ ಬರದ್ರ ಅಂಕಿ ಪಾವಟಿಗಿ ಮೆಟ್ಲ ಇಳಿದಂಗ ಇಳಿತಾವ್ರಿ ಸರ. ಧೂಳು ಹಂಗ ಬೀಳೂದಿಲ್ಲ.” ಮೀಟರಿನ ತಂತಿ ಸುತ್ತುತ್ತಾ ಅಂದಳು, “ಎರಡು ನಿಮಿಷ ತಡಾ ಆದ್ರ ರಿಜಿಸ್ಟರಿನ್ಯಾಗ ಕೆಂಪು ಗೆರಿ ಎಳಿತಿದ್ರಿ. ಭಾಳ ಚಲೋ ಪಾಠ ಹೇಳಿದ್ರಿ ಇವತ್ತ.”



ಹನ್ನೆರಡಕ್ಕೆ ಕಮಿಟಿಯ ಮೂವರು ಮೇಲೆ ಬಂದರು. ಇಷ್ಟು ಅಚ್ಚುಕಟ್ಟಾದ ಮಾಳಿಗೆಯನ್ನು ಎಲ್ಲೂ ನೋಡಿರಲಿಲ್ಲವಂತೆ. ತೊಳೆಯದ ಪ್ಯಾನೆಲ್ ಯಾವುದೆಂದು ಹಿರಿಯರು ಕೇಳಿದರು. ಅವಳು ತೋರಿಸಿದಳು. ಅವರು ಹೊಳೆಯುವ ಗಾಜನ್ನು ನೋಡಿ, ಅವಳನ್ನು ನೋಡಿದರು. ನಡೆದದ್ದನ್ನು ನಾನು ಹೇಳಿದೆ. ಅವರು ಏನೋ ಗುರುತು ಹಾಕಿಕೊಂಡು, ಮುಂದಿನ ವಿಭಾಗಕ್ಕೆ ಹೊತ್ತಾಯಿತೆಂದು ಇಳಿದುಹೋದರು.

ಇನ್ನೊಂದು ವರ್ಷ ಕೊಡಿ ಎಂದು ಅರ್ಜಿ ಹಾಕಲು ಅವಳ ಗೈಡ್ ಹೇಳಿದರು. ಮಾಳಿಗೆಯ ಮೂಲೆಯಲ್ಲಿದ್ದ ಬ್ಯಾಟರಿ ಕೋಣೆಯ ಮೇಜಿನ ಮೇಲೆ ಅವಳು ಅದನ್ನು ಬರೆದಳು. ಕಾರಣದ ಜಾಗದಲ್ಲಿ ‘ಅನಿವಾರ್ಯ ಪರಿಸ್ಥಿತಿಯಿಂದ’ ಎಂದಿತ್ತು. ನಾನು ಅದನ್ನು ಹೊಡೆದುಹಾಕಿ, ‘ಮೇಲ್ವಿಚಾರಕರ ತಪ್ಪು ಆದೇಶದಿಂದ’ ಎಂದು ಬರೆದು ಸಹಿ ಹಾಕಿದೆ.

“ಬ್ಯಾಡ್ರಿ ಸರ. ಗುತ್ತಿಗಿ ಮ್ಯಾಗ ಇದ್ದೀರಿ, ಮನಿಗೆ ಕಳಿಸ್ತಾರ.”

“ಕಳಿಸಲಿ. ಚಹಾ ಅಲ್ಲೂ ಸಿಗತೈತಿ.”

ಅವಳು ನಗಲಿಲ್ಲ.

ಆ ಅರ್ಜಿಗೆ ಎರಡು ಸಾಲಿನ ನಿರಾಕರಣೆ ಬಂತು. ಅಷ್ಟರಲ್ಲಿ ಅವಳು ಹಾಸ್ಟೆಲ್ ಖಾಲಿ ಮಾಡಿ ರಾಯಚೂರಿನ ಬಸ್ಸು ಹತ್ತಿಯಾಗಿತ್ತು. ಪ್ರಬಂಧ ಮುಗಿಯಲಿಲ್ಲ. ನನ್ನ ಗುತ್ತಿಗೆಯನ್ನು ಮಾತ್ರ ಇನ್ನೊಂದು ವರ್ಷಕ್ಕೆ ಮುಂದುವರಿಸಿದರು. ಮಾಳಿಗೆಯ ಸ್ವಚ್ಛತೆಯನ್ನು ಕಮಿಟಿ ವರದಿಯಲ್ಲಿ ಮೆಚ್ಚಿಕೊಂಡಿತ್ತು.

ಅದೆಲ್ಲ ಆಮೇಲಿನ ಮಾತು. ಆ ಸೋಮವಾರ ನಾಲ್ಕೂವರೆಗೆ ಆಡಳಿತ ಕಚೇರಿಯ ಕಿಟಕಿಯಲ್ಲಿ ಅರ್ಜಿ ಒಪ್ಪಿಸಿದೆ. ಗುಮಾಸ್ತ ಎರಡೂ ಪ್ರತಿಗಳಿಗೆ ಮುದ್ರೆ ಒತ್ತಿದ. ಒಂದನ್ನು ತಂದು ಅವಳ ಕೈಗೆ ಕೊಟ್ಟು, ಬ್ಯಾಟರಿ ಕೋಣೆಗೆ ಬೀಗ ಹಾಕಿದೆ.